ಒಪ್ಪಿಗೆ ಪತ್ರದ ಜೊತೆ ಬಂದ ಇನ್ನೊಂದು ಕಾಗದ

ಅಂಗಡಿ ಮಾರಬೇಕೆಂದರೆ ಕೊಳ್ಳುವವರು ಸಿಕ್ಕರೆ ಸಾಕು ಎಂದುಕೊಳ್ಳುತ್ತೇವೆ. ಫ್ರಾಂಚೈಸಿ ಅಂಗಡಿಗೆ ಅಷ್ಟು ಸಾಲದು. ಬೋರ್ಡು ಕಂಪನಿಯದು, ಆದ್ದರಿಂದ ಕಂಪನಿಯ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ಟ್ರಾನ್ಸ್‌ಫರ್ ಫೀಸ್ ಕಟ್ಟಿದರೂ ಮುಗಿಯುವುದಿಲ್ಲ. ಇಲ್ಲಿಯವರೆಗೆ ನಿಮ್ಮಿಂದ ನಮಗೆ ಏನೇ ನಷ್ಟವಾಗಿದ್ದರೂ ಇನ್ನು ಕೇಳುವುದಿಲ್ಲ ಎಂದು ಬರೆದುಕೊಡಬೇಕು. ಅದೇ ಜನರಲ್ ರಿಲೀಸ್. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ನಮ್ಮ ಸ್ಯಾಂಡ್‌ವಿಚ್ ಅಂಗಡಿ ಮಾರುವಾಗ ನಮ್ಮನ್ನು ಗೋಳು ಹೊಯ್ದುಕೊಂಡದ್ದು ಈ ಕಾಗದ.

ಕಂಪನಿಯಿಂದ ನಮಗೆ ಬರಬೇಕಾದ ದುಡ್ಡಿತ್ತು. ಡೆಲಿವರಿ ಆ್ಯಪ್‌ನಲ್ಲಿ ಗಿರಾಕಿಗಳು ರದ್ದು ಮಾಡಿದ ಆರ್ಡರುಗಳಿಗೂ ರಾಯಲ್ಟಿ ಹಾಕಿ, ವಾರವಾರ ನಮ್ಮ ಖಾತೆಯಿಂದ ನೇರವಾಗಿ ಮುರಿದುಕೊಳ್ಳುತ್ತಿದ್ದರು. ನಮ್ಮ ಯಜಮಾನರು ಒಂದೊಂದನ್ನೂ ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದರು. ಎಷ್ಟು ಸಲ ಮೇಲ್ ಮಾಡಿದರೂ ರೀಜನಲ್ ಮ್ಯಾನೇಜರ್‌ನಿಂದ ‘ಪರಿಶೀಲಿಸುತ್ತಿದ್ದೇವೆ’ ಎಂಬುದೊಂದೇ ಉತ್ತರ.

ದುಡ್ಡು, ಕಾಗದಪತ್ರ ಮಧ್ಯಸ್ಥರ ಬಳಿ ಇಟ್ಟು ಮಾರಾಟ ಪೂರೈಸುವ ಎಸ್ಕ್ರೋ ಮುಗಿಯುವ ಹಿಂದಿನ ಸಂಜೆ. ಕೊಳ್ಳುವವರ ಸಾಲ ಮಂಜೂರಾಗಿತ್ತು. ಕಟ್ಟಡದ ಮಾಲೀಕರು ಲೀಸ್ ವರ್ಗಾಯಿಸಲು ಒಪ್ಪಿದ್ದರು. ನಾನು ವಾಕ್ ಇನ್ ಕೂಲರ್‌ನೊಳಗೆ ಟೊಮೇಟೊ ಕ್ರೇಟು, ಚೀಸ್ ಡಬ್ಬ ಎಣಿಸುತ್ತಿದ್ದೆ. ಫೋನಿಗೆ ಮೇಲ್ ಬಂತು: ಒಪ್ಪಿಗೆ ಪತ್ರ, ಅದಕ್ಕೆ ಅಂಟಿಕೊಂಡು ರಿಲೀಸ್. ಎಲ್ಲರೂ ಹಾಕುವ ಸ್ಟ್ಯಾಂಡರ್ಡ್ ಫಾರ್ಮ್ ಇದು, ಇವತ್ತೇ ಸಹಿ ಬೇಕು ಎಂದು ಮೇಲೊಂದು ಸಾಲು. ಚಳಿಗೆ ಬೆರಳು ಮರಗಟ್ಟಿದ್ದರೂ ಅಲ್ಲೇ ನಿಂತು ಓದಿದೆ. ನಾನು, ಯಜಮಾನರು, ಅಂಗಡಿ ನಡೆಸಲು ಮಾಡಿಕೊಂಡಿದ್ದ ನಮ್ಮ ಎಲ್‌ಎಲ್‌ಸಿ ಸಂಸ್ಥೆ, ವಾರಸುದಾರರು, ಎಲ್ಲರ ಪರವಾಗಿ ಎಲ್ಲ ಹಕ್ಕನ್ನೂ ಬಿಡಬೇಕು. ಒಂದು ಪ್ಯಾರಾ ಪೂರ್ತಿ ದೊಡ್ಡಕ್ಷರ, ಪಕ್ಕದಲ್ಲಿ ಇನಿಷಿಯಲ್ ಹಾಕಲು ಬೇರೆ ಚೌಕ. ಅದು ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್‌ನ 1542ನೇ ಸೆಕ್ಷನ್. ಸಹಿ ಹಾಕುವ ಹೊತ್ತಿಗೆ ನಿಮಗೆ ಗೊತ್ತೇ ಇಲ್ಲದ, ಗೊತ್ತಿದ್ದರೆ ನಿಮ್ಮ ನಿರ್ಧಾರವನ್ನೇ ಬದಲಿಸುತ್ತಿದ್ದ ಹಕ್ಕು ಜನರಲ್ ರಿಲೀಸಿನಿಂದ ಹೋಗುವುದಿಲ್ಲ ಎನ್ನುತ್ತದೆ ಆ ಸೆಕ್ಷನ್. ಚೌಕದಲ್ಲಿ ಇನಿಷಿಯಲ್ ಹಾಕಿದರೆ ಆ ರಕ್ಷಣೆಯೂ ನಮಗೆ ಬೇಡ ಎಂದು ನಾವೇ ಒಪ್ಪಿದ ಹಾಗೆ. ಗೊತ್ತಿರುವ ರಾಯಲ್ಟಿ ದುಡ್ಡೂ ಹೋಯಿತು, ನಾಳೆ ಗೊತ್ತಾಗಬಹುದಾದದ್ದೂ ಹೋಯಿತು. ಕಂಪನಿ ನಮ್ಮ ಮೇಲಿನ ಹಕ್ಕು ಬಿಡುತ್ತದೆಯೇ ಎಂದು ಹುಡುಕಿದೆ. ಒಂದು ಸಾಲೂ ಇರಲಿಲ್ಲ.

ರೀಜನಲ್ ಮ್ಯಾನೇಜರ್‌ಗೆ ಫೋನ್ ಮಾಡಿದರೆ, ಸಹಿ ಇಲ್ಲದೆ ಒಪ್ಪಿಗೆ ಇಲ್ಲ ಎಂದು ಇಟ್ಟುಬಿಟ್ಟ. ಎರಡು ವರ್ಗಾವಣೆ ಅರ್ಜಿ ನೋಡಿದವನಿಗೂ ಈ ಫಾರ್ಮ್ ಮೊದಲೇ ಕಳಿಸಬಹುದೆಂದು ತಿಳಿದಿರುತ್ತದೆ. ಕೊನೆಯ ಸಂಜೆಗೆ ಉಳಿಸಿಕೊಂಡದ್ದು ಬೇಕೆಂದೇ ಎಂದು ಇವತ್ತಿಗೂ ನಂಬಿದ್ದೇನೆ. ಸ್ಯಾಕ್ರಮೆಂಟೊದಲ್ಲಿರುವ ಭಾವ, “ನೋಡಮ್ಮಾ, ಬರೋ ದುಡ್ಡು ನೋಡ್ಕೊ, ಹೋಗಿದ್ದರ ಹಿಂದೆ ಬೀಳ್ಬೇಡ, ಹಾಕ್ಬಿಡು” ಎಂದರು. ಅಂಗಡಿ ತೆಗೆದುಕೊಳ್ಳುವಾಗ ವಕೀಲರಿಗೆ ದುಡ್ಡು ದಂಡ ಎಂದು ನಮ್ಮವರನ್ನು ತಡೆದವರೂ ಇವರೇ. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನಾನು ಸಹಿ ಹಾಕಲಿಲ್ಲ. ಕೊಳ್ಳುವವರಿಗೆ ಫೋನ್ ಮಾಡಿ ಎಸ್ಕ್ರೋ ಮುಂದೆ ಹಾಕೋಣ ಎಂದೆ. ಆ ದಂಪತಿ ಇದ್ದ ಕೆಲಸ ಬಿಟ್ಟು ಬಂದಿದ್ದರು. ಆಕೆ ಫೋನಿನಲ್ಲೇ ಅತ್ತುಬಿಟ್ಟರು. ರಾತ್ರಿಯೆಲ್ಲ ನನಗೆ ಅದೇ ಕಿವಿಯಲ್ಲಿ.

ಫ್ರಾಂಚೈಸಿ ಕಾನೂನೇ ನೋಡುವ ವಕೀಲರೊಬ್ಬರು ಸಿಕ್ಕಿದ ಮೇಲೆ ಉಸಿರು ಬಂತು. ಕ್ಯಾಲಿಫೋರ್ನಿಯಾದ ಫ್ರಾಂಚೈಸಿ ಕಾನೂನುಗಳು ಕೊಟ್ಟ ಹಕ್ಕನ್ನು ಬಿಟ್ಟುಕೊಡಿಸುವ ಷರತ್ತು ಅನೂರ್ಜಿತ. ಆದರೆ ನಮ್ಮ ರಾಯಲ್ಟಿಯಂಥ ಬರೀ ಕರಾರಿನ ಬಾಕಿಗೆ ಆ ರಕ್ಷಣೆ ನಂಬಿ ಕೂರುವ ಹಾಗಿಲ್ಲ ಎಂದರು. ಇನ್ನೊಂದು ವಿಷಯ ನಮ್ಮ ಕೈ ಹಿಡಿಯಿತು. 2016ರ ಜನವರಿಯಿಂದೀಚೆಗಿನ ಕರಾರುಗಳಲ್ಲಿ, ಎಲ್ಲ ದಾಖಲೆ ತಲುಪಿದ 60 ದಿನದೊಳಗೆ ಕಂಪನಿ ಬರಹದಲ್ಲಿ ನಿರಾಕರಿಸದಿದ್ದರೆ ಮಾರಾಟಕ್ಕೆ ಒಪ್ಪಿದಂತೆಯೇ. ನಮ್ಮ ಗಡುವು ಹತ್ತಿರವಾಗಿತ್ತು. ವಕೀಲರ ಪತ್ರ ಹೋದ ಮೇಲೆ ಕಂಪನಿಯ ದನಿ ತಗ್ಗಿತು. ರಿಲೀಸ್ ಎರಡೂ ಕಡೆಯದಾಯಿತು, ಕರಾರಿಗೆ ನಾವು ಕೊಟ್ಟಿದ್ದ ವೈಯಕ್ತಿಕ ಗ್ಯಾರಂಟಿಯನ್ನು ಕಂಪನಿ ಬಿಟ್ಟಿತು, ರಾಯಲ್ಟಿಯಲ್ಲಿ ಒಂದು ಪಾಲು ವಾಪಸ್ ಬಂತು. ಪೂರ್ತಿ ಬರಲಿಲ್ಲ.

ಅಮೆರಿಕದಲ್ಲಿ ಫ್ರಾಂಚೈಸಿ ತೆಗೆದುಕೊಳ್ಳುವವರಿಗೆ ಸಹಿಗೆ ಕನಿಷ್ಠ 14 ದಿನ ಮುಂಚೆ ಎಫ್‌ಡಿಡಿ (ಫ್ರಾಂಚೈಸ್ ಡಿಸ್‌ಕ್ಲೋಷರ್ ಡಾಕ್ಯುಮೆಂಟ್) ಎಂಬ ದಾಖಲೆ ಕೊಡಬೇಕೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ (ಎಫ್‌ಟಿಸಿ) ನಿಯಮವಿದೆ. ಅದರಲ್ಲಿ 17ನೇ ಐಟಂ ಓದಿ. ನವೀಕರಣಕ್ಕೆ, ಮಾರಾಟಕ್ಕೆ ರಿಲೀಸ್ ಬೇಕೇ ಎಂಬುದು ಅಲ್ಲೇ ಸಿಗುತ್ತದೆ. ರಾಜ್ಯ ರಾಜ್ಯಕ್ಕೆ ಕಾನೂನು ಬೇರೆ. ವಾಷಿಂಗ್ಟನ್ ರಾಜ್ಯದಲ್ಲಿ ನಿಜವಾದ ವಿವಾದ ಇದ್ದು, ನಿಮ್ಮದೇ ವಕೀಲರನ್ನು ಇಟ್ಟುಕೊಂಡು ರಾಜಿಯಾದರೆ ಕೊಟ್ಟ ರಿಲೀಸ್‌ಗೆ ಅಡ್ಡಿಯಿಲ್ಲ. ಭಾರತದಲ್ಲಂತೂ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ, 1872ರ ಕರಾರು ಕಾಯ್ದೆಯೇ ಮುಖ್ಯ ಆಸರೆ. ಬೆಂಗಳೂರಿನಲ್ಲಿ ಅಂಗಡಿ ಹಾಕುವವರು ಮೊದಲ ಚೆಕ್ ಕೊಡುವ ಮುಂಚೆಯೇ ರಿಲೀಸ್ ಎರಡೂ ಕಡೆಯದಾಗಿರಲಿ, ತಕರಾರಿನಲ್ಲಿರುವ ಬಾಕಿ ಹೊರಗಿರಲಿ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಮಾರುವವರು ಅರ್ಜಿ ಕೊಟ್ಟ ದಿನವೇ ರಿಲೀಸಿನ ನಕಲು ಕೇಳಿ, ಮೇಲ್‌ನಲ್ಲೇ ಕೇಳಿ.