ಗಾಡಿಗೆ ಪೆಟ್ಟಾದಾಗ ಬಾಯಿಮಾತಿಗೆ ಬೀಳಬೇಡಿ

ಕೆಲಸ ಹಿಡಿದು ಪುಣೆಗೆ ಬರುವ ನಮ್ಮ ಮಕ್ಕಳು ಎಷ್ಟೋ ಸಲ ಊರಿನ ಗಾಡಿಯನ್ನೂ ಜೊತೆಗೇ ತರುತ್ತಾರೆ. ಹಿಂಜವಡಿ, ಖರಾಡಿ, ಚಾಕಣದ ಪಾರ್ಕಿಂಗ್‌ಗಳಲ್ಲಿ ಎಂಎಚ್ 12, ಎಂಎಚ್ 14ರ ಸಾಲಿನ ನಡುವೆ ಬೆಳಗಾವಿಯ ಕೆಎ 22, ಧಾರವಾಡದ ಕೆಎ 25, ವಿಜಯಪುರದ ಕೆಎ 28 ಕಂಡಾಗ ಸಂತೋಷವಾಗುತ್ತದೆ. ಹಿಂದೆಯೇ ಕಳವಳವೂ ಹುಟ್ಟುತ್ತದೆ. ಈ ಊರಿನಲ್ಲಿ ಗಾಡಿಗೆ ಪೆಟ್ಟಾದರೆ ಇವರ ಪಕ್ಕದಲ್ಲಿ ನಿಲ್ಲುವವರು ಯಾರು? ಮರಾಠಿ ಅರೆಬರೆ, ಮನೆಯವರು ದೂರ, ಕೆಲಸಕ್ಕೆ ಹೊತ್ತಾಗಿರುತ್ತದೆ. ಆ ಗಡಿಬಿಡಿಯಲ್ಲಿ ಯಾರೋ ಹೇಳಿದ್ದಕ್ಕೆ ತಲೆಯಾಡಿಸಿ ಬಂದುಬಿಡುತ್ತಾರೆ. ಮಕ್ಕಳೇ, ಇಷ್ಟು ವರ್ಷ ಈ ಊರಿನಲ್ಲಿದ್ದು ನಾನು ನಿಮಗೆ ಹೇಳಬೇಕಾದದ್ದು ಒಂದೇ: ಅಪಘಾತವಾದ ಮೇಲೆ ಯಾವುದನ್ನೂ ಬಾಯಿಮಾತಿನಲ್ಲಿ ಮುಗಿಸಬೇಡಿ. ವಿಮೆಯ ಹಕ್ಕು ಕಾಗದದ ಮೇಲೆ ನಿಂತಿದೆ.

ಮೊದಲು ಜೀವ, ಆಮೇಲೆ ಗಾಡಿ. ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ಹೆದ್ದಾರಿ ನಮ್ಮ ಬೆಂಗಳೂರು–ಮುಂಬೈ ರಸ್ತೆಯೇ. ಆ ಇಳಿಜಾರಿನಲ್ಲಿ 2022ರ ನವೆಂಬರ್ 20ರ ರಾತ್ರಿ ಭಾರಿ ವಾಹನವೊಂದು ಹಿಡಿತ ತಪ್ಪಿ ಹತ್ತಾರು ವಾಹನಗಳಿಗೆ ಗುದ್ದಿತು. 2025ರ ನವೆಂಬರ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ಹಲವರು ಪ್ರಾಣ ಕಳೆದುಕೊಂಡರು. ಅಂಥ ಜಾಗದಲ್ಲಿ ಬಂಪರ್ ಎಷ್ಟು ಒಡೆದಿದೆ ಎಂದು ರಸ್ತೆಯ ನಡುವೆ ಬಗ್ಗಿ ನೋಡುತ್ತಾ ನಿಲ್ಲಬೇಡಿ. ಬದಿಗೆ ಸರಿಯಿರಿ. ಪೆಟ್ಟಾದವರಿದ್ದರೆ 108ಕ್ಕೋ 112ಕ್ಕೋ ಕರೆ ಮಾಡಿ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೂ ವಿವರ ಕೊಡುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಚಾಲಕನ ಮೇಲೆ ಹೊರಿಸಿದ ಕರ್ತವ್ಯ.

ಜನ ಸೇರಿದ ಕೂಡಲೇ ‘ಇಲ್ಲೇ ಸೆಟ್ಲ್ ಮಾಡಿಕೊಳ್ಳಿ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಕೈಗೆ ಎರಡು ಸಾವಿರ ಬಂದರೆ ಮುಗಿಯಿತು ಎನಿಸುತ್ತದೆ. ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿದಾಗ ಒಳಗಿನ ರೇಡಿಯೇಟರ್ ಸೋರುತ್ತಿರುವುದು ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಹಣ ಕೊಟ್ಟವನ ಫೋನ್ ಬಂದ್ ಆಗಿರುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ನೀವು ತಪ್ಪೊಪ್ಪಿಕೊಳ್ಳುವುದಾಗಲಿ, ಹಣದ ಮಾತು ಕೊಡುವುದಾಗಲಿ ಕೂಡದು ಎಂಬ ಷರತ್ತು ನಿಮ್ಮ ಪಾಲಿಸಿಯಲ್ಲೇ ಇರುತ್ತದೆ. ಆದ್ದರಿಂದ ಜಗಳವೂ ಬೇಡ, ರಾಜಿಯೂ ಬೇಡ. ಎರಡೂ ಗಾಡಿಯ ನಂಬರು, ನಿಂತ ಜಾಗ, ಒಡೆದ ಭಾಗ, ಎದುರಿನವನ ಲೈಸೆನ್ಸ್, ವಿಮೆ, ಎಲ್ಲದರ ಫೋಟೊ ತೆಗೆಯಿರಿ. ಗಾಡಿಯನ್ನು ಗ್ಯಾರೇಜಿಗೆ ಎಳೆಸುವ ಮೊದಲೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರು ಪಡೆಯಿರಿ.

ಪೊಲೀಸರು ಬರೆಯುವ ಪಂಚನಾಮೆ ಇಲ್ಲಿ ಮರಾಠಿಯಲ್ಲಿರುತ್ತದೆ. ಶಾಲೆಯಲ್ಲಿ ಹಿಂದಿ ಕಲಿತ ನಮಗೆ ಅಕ್ಷರ ಓದಲು ಬರುತ್ತದೆ, ಅರ್ಥ ಪೂರ್ತಿ ಆಗುವುದಿಲ್ಲ. ಯಾವ ದಿಕ್ಕಿನಿಂದ ಬಂದಿರಿ, ಯಾರು ಯಾರಿಗೆ ಗುದ್ದಿದರು, ಗಾಡಿ ಓಡಿಸುತ್ತಿದ್ದವರು ಯಾರು, ಈ ಮೂರನ್ನು ಮರಾಠಿ ಬಲ್ಲವರಿಂದ ಓದಿಸಿ, ತಿಳಿದುಕೊಂಡ ಮೇಲೆಯೇ ಸಹಿ ಹಾಕಿ. ಮರಾಠಿ ಬಲ್ಲ ಕನ್ನಡಿಗರಿಗೆ ಪುಣೆಯಲ್ಲಿ ಬರವಿಲ್ಲ. ಸಂಕೋಚ ಬಿಟ್ಟು ಕರೆಯಿರಿ, ಅಪರಾತ್ರಿಯಾದರೂ ಬರುತ್ತಾರೆ.

ಓಡಿಸಿದವರು ಯಾರು ಎಂಬ ಪ್ರಶ್ನೆಗೆ ಸುಳ್ಳು ಹೇಳಬೇಡಿ. ಗೆಳೆಯನ ಲೈಸೆನ್ಸ್ ಮುಗಿದಿತ್ತು, ನನ್ನದು ಚಾಲ್ತಿಯಲ್ಲಿದೆ, ನಾನೇ ಓಡಿಸುತ್ತಿದ್ದೆ ಎಂದು ಬರೆದುಕೊಡುತ್ತೇನೆ ಎನ್ನುವುದು ಸ್ನೇಹವಲ್ಲ, ವಂಚನೆ. ಆ ಒಂದು ಸುಳ್ಳಿಗೆ ಇಡೀ ಕ್ಲೇಮು ಬೀಳುತ್ತದೆ. ಎದುರಿನವರಿಗೆ ಪೆಟ್ಟಾಗಿದ್ದರೆ ಪೊಲೀಸ್ ಕೇಸಿನಲ್ಲೂ ನೀವೇ ಸಿಲುಕುತ್ತೀರಿ.

ಇನ್ನು ಗ್ಯಾರೇಜಿನ ಲೆಕ್ಕ. ‘ಫುಲ್ ಇನ್ಶೂರೆನ್ಸ್ ಇದೆ’ ಎಂದುಕೊಂಡು ಹೋದವರು ಬಿಲ್ ನೋಡಿ ಕಂಗಾಲಾಗುವುದು ಇಲ್ಲಿಯೇ. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಸಣ್ಣ ಕಾರು, ಜಿಎಸ್‌ಟಿ ಬಿಟ್ಟು 29,000 ರೂಪಾಯಿ ಎಸ್ಟಿಮೇಟ್: ಬಂಪರ್ 8,000, ಮುಂದಿನ ಗಾಜು 9,000, ಪೇಂಟಿಂಗ್ 12,000. ಬಂಪರ್ ಪ್ಲಾಸ್ಟಿಕ್ಕಿನದು; ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಶೇಕಡಾ 50 ಸವಕಳಿ, ಆದ್ದರಿಂದ 4,000 ನಿಮ್ಮದು. ಗಾಜಿಗೆ ಸವಕಳಿ ಇಲ್ಲ. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರ ಅರ್ಧ ಕಡಿಯುತ್ತಾರೆ, ಅದು 1,500. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಒಟ್ಟು 6,500 ನೀವು ಕೊಡಬೇಕು, ಉಳಿದ 22,500 ಕಂಪನಿಯದು. ಪಾಲಿಸಿಯ ಜೊತೆ ‘ಜೀರೋ ಡೆಪ್’ ರಕ್ಷಣೆ ಇದ್ದರೆ ಸವಕಳಿಯ ಕಡಿತ ಬರುವುದಿಲ್ಲ, ಕಡ್ಡಾಯ ಕಡಿತ ಮಾತ್ರ ಉಳಿಯುತ್ತದೆ. ಗ್ಯಾರೇಜಿನವರು ಕೊಟ್ಟ ಹಾಳೆಯಲ್ಲಿ ಈ ಲೆಕ್ಕವನ್ನು ಸಾಲುಸಾಲಾಗಿ ಕೇಳಿ. ಕೇಳಿದರೆ ಯಾರೂ ಬೇಸರಪಡುವುದಿಲ್ಲ, ಪಟ್ಟರೂ ಪಡಲಿ.

ವಿಮಾ ಕಂಪನಿಯ ಸರ್ವೇಯರ್ ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ಒಳಗೆ ಹೊಸ ಪೆಟ್ಟು ಕಂಡರೆ ಕೆಲಸ ನಿಲ್ಲಿಸಿ, ಅವರನ್ನು ಮತ್ತೆ ಕರೆಸಿ, ಪೂರಕ ಎಸ್ಟಿಮೇಟ್ ಬರೆಸಿ. ತೆಗೆದ ಹಳೆಯ ಭಾಗಗಳನ್ನು ಮರುಪರಿಶೀಲನೆ ಮುಗಿಯುವವರೆಗೆ ಎಸೆಯದಂತೆ ಹೇಳಿ. ‘ಪಾರ್ಟ್ ಬಂದಿಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಕೇಳಿ ತಿಂಗಳು ಕಳೆಯುತ್ತದೆ. ಯಾವ ಪಾರ್ಟ್, ಯಾವಾಗ ಆರ್ಡರ್ ಹಾಕಿದ್ದು, ಯಾವತ್ತು ಗಾಡಿ ಕೊಡುತ್ತೀರಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಗಾಡಿ ಓಡಿಸಿ ನೋಡದೆ ‘ಕೆಲಸ ತೃಪ್ತಿಕರ’ ಎಂಬ ಕಾಗದಕ್ಕೆ ಸಹಿ ಬೇಡ.

ಮಳೆಗಾಲದ ಮಾತನ್ನೂ ಹೇಳಿಬಿಡುತ್ತೇನೆ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಹಳ್ಳ ಉಕ್ಕಿ ಹರಿದಾಗ ಕಾರುಗಳು ಕೊಚ್ಚಿಕೊಂಡು ಹೋಗಿ ಒಂದರ ಮೇಲೊಂದು ಬಿದ್ದಿದ್ದವು. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮತ್ತೆ ನೀರು ನುಗ್ಗಿತು. ನೀರಲ್ಲಿ ನಿಂತ ಗಾಡಿಯ ಕೀಲಿ ತಿರುಗಿಸಬೇಡಿ. ಎಂಜಿನ್ನಿಗೆ ನೀರು ಹೊಕ್ಕಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ‘ಇದು ಪ್ರವಾಹದ ಹಾನಿಯಲ್ಲ, ನೀವೇ ಮಾಡಿಕೊಂಡದ್ದು’ ಎನ್ನಲು ಕಂಪನಿಗೆ ಅದೇ ಸಾಕು.

ಊರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಬೈಕ್ ತಂದವರು ಇವತ್ತೇ ಆರ್‌ಸಿ ಮತ್ತು ಪಾಲಿಸಿ ತೆಗೆದು ನೋಡಿ. ಆರ್‌ಸಿ ನಿಮ್ಮ ಹೆಸರಿಗೆ, ವಿಮೆ ಹಳೆಯ ಮಾಲೀಕನ ಹೆಸರಿಗೆ ಇದ್ದರೆ ನಿಮ್ಮ ಗಾಡಿಯ ಹಾನಿಗೆ ಹಣ ಸಿಗುವುದಿಲ್ಲ. ಹೆಸರು ಬದಲಿಸಲು, ಗಾಡಿ ನಿಮಗೆ ವರ್ಗವಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಅದು ಎದುರಿನವರಿಗೆ ಮಾತ್ರ, ನಿಮ್ಮ ಗಾಡಿಗೆ ಒಂದು ಪೈಸೆಯೂ ಇಲ್ಲ. ವರ್ಷ ಮೀರಿ ಪುಣೆಯಲ್ಲೇ ಇಡುವ ಗಾಡಿಯ ನೋಂದಣಿಯನ್ನು ಇಲ್ಲಿಗೆ ವರ್ಗಾಯಿಸಿ, ಆಗ ಪಾಲಿಸಿಯಲ್ಲೂ ನಂಬರು, ವಿಳಾಸ ಬದಲಿಸಿ. ಸಣ್ಣ ಗೀರಿಗೆ ಮಾತ್ರ ಕ್ಲೇಮಿಗೆ ಓಡಬೇಡಿ. ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ ಶೇಕಡಾ 50ರ ಬೋನಸ್ ಒಂದೇ ಕ್ಲೇಮಿಗೆ ಹೋಗಬಹುದು.

ಇಷ್ಟಾದರೂ ಕಂಪನಿ ಇಲ್ಲ ಎಂದರೆ, ಅಥವಾ ಕಡಿಮೆ ಕೊಟ್ಟರೆ, ಕೈಚೆಲ್ಲಬೇಡಿ. ಯಾಕೆ ತಿರಸ್ಕರಿಸಿದಿರಿ ಎಂದು ಬರಹದಲ್ಲಿ ಕೇಳಿ, ಸರ್ವೇ ವರದಿಯ ಪ್ರತಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಅವರ ಕಚೇರಿ ಪುಣೆಯಲ್ಲೇ, ನಾರಾಯಣ ಪೇಠೆಯಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ದೂರು ನೋಡುತ್ತಾರೆ. ಅವರು ಕೊಟ್ಟ ತೀರ್ಪನ್ನು ಕಂಪನಿ ಪಾಲಿಸಲೇಬೇಕು. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, ಅದನ್ನು ಮರೆಯಬೇಡಿ. ಗ್ಯಾರೇಜಿನ ಮೇಲೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.

ಪರ ಊರಿನಲ್ಲಿದ್ದೇವೆ, ಸುಮ್ಮನೆ ಯಾಕೆ ರಗಳೆ ಎಂದು ಹಿಂಜರಿಯಬೇಡಿ. ಪ್ರೀಮಿಯಂ ಕಟ್ಟಿದ್ದು ನೀವು, ದುಡಿದು ಗಳಿಸಿದ ಹಣ ಅದು. ನಿಜ ಹೇಳಿ, ಬರೆದು ಕೇಳಿ, ಬರೆಸಿಕೊಳ್ಳಿ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಪಾಲಿಸಿಯನ್ನು ಒಂದು ಸಲ ಪೂರ್ತಿ ಓದಿ.