ಹಸಿರು ಟಿಕ್ಕಿಗೆ ಮರುಳಾಗಬೇಡ

ಮೊನ್ನೆ ನಿನ್ನ ಬ್ಯಾಕಪ್ ಶೆಡ್ಯೂಲ್ ನೋಡಿದೆ ಮರಿ. ನಲವತ್ತು ವಿಎಂ, ನಲವತ್ತಕ್ಕೂ ರಾತ್ರಿ ಹನ್ನೆರಡು ಗಂಟೆ. ಯಾಕೆ ಹೀಗೆ ಅಂದರೆ, "ನೀಟಾಗಿ ಕಾಣುತ್ತೆ ಸರ್" ಅಂದೆ. ಕಾಣುತ್ತೆ, ಸುಳ್ಳಲ್ಲ. ಮದುವೆ ಮನೆಯಲ್ಲಿ ನಾನೂರು ಎಲೆ ಒಟ್ಟಿಗೆ ಹಾಕಿದರೂ ನೀಟಾಗೇ ಕಾಣುತ್ತೆ. ಬಡಿಸೋಕೆ ಮೂವರೇ ಇದ್ದಾರೆ ಅಂತ ಗೊತ್ತಾಗೋದು, ಕೊನೇ ಸಾಲಿನವರು ಅನ್ನ ಕಲಸಿಕೊಂಡು ಸಾರಿಗೆ ಕಾಯುವಾಗ.

ನೀನು ಚುರುಕು, ಅದರಲ್ಲಿ ಅನುಮಾನ ಇಲ್ಲ. ನಾನು ಕನ್ನಡಕ ಹುಡುಕೋ ಹೊತ್ತಿಗೆ ನೀನು ಸ್ಕ್ರಿಪ್ಟ್ ಬರೆದು ಓಡಿಸಿರ್ತೀಯ. ಆದರೆ ಓಡಿಸಿದ ಮೇಲೆ ತಿರುಗಿ ನೋಡೋ ಅಭ್ಯಾಸ ಇನ್ನೂ ಬಂದಿಲ್ಲ. ಅದಕ್ಕೇ ಈ ನಾಲ್ಕು ಮಾತು. ಬೈಗುಳ ಅಂದುಕೊಳ್ಳಬೇಡ. ಅಂದುಕೊಂಡರೂ ಪರವಾಗಿಲ್ಲ, ಪೂರ್ತಿ ಓದು.

ಮೊದಲು ಪೆನ್ನು ಹಿಡಿದು ಲೆಕ್ಕ ಹಾಕು. ಬ್ಯಾಕಪ್ ಸ್ಟೋರೇಜಿಗೆ ಹೋಗೋ ನಮ್ಮ ಲಿಂಕ್ ಒಂದು ಗಿಗಾಬಿಟ್. ಕಾಗದದ ಮೇಲೆ ಸೆಕೆಂಡಿಗೆ 125 ಮೆಗಾಬೈಟ್. ಕೈಗೆ ಹತ್ತೋದು 110ರ ಆಸುಪಾಸು. ಎರಡು ಟೆರಾಬೈಟ್ ಸಾಗಿಸೋಕೆ ಐದು ಗಂಟೆ ಬೇಕೇ ಬೇಕು. ನಲವತ್ತೂ ಒಟ್ಟಿಗೆ ಹೊರಟರೂ ಐದು ಗಂಟೆ, ನಾಲ್ಕು ನಾಲ್ಕಾಗಿ ಹೊರಟರೂ ಐದು ಗಂಟೆ. ಒಂದೇ ನಲ್ಲಿಗೆ ನಲವತ್ತು ಕೊಡ ಇಟ್ಟರೆ ನೀರು ಹೆಚ್ಚು ಬರುತ್ತಾ? ಜಗಳ ಹೆಚ್ಚುತ್ತೆ, ಅಷ್ಟೇ.

ಆ ಜಗಳದ ಪೆಟ್ಟು ಬೀಳೋದು ಓಡ್ತಾ ಇರೋ ವಿಎಂಗಳ ಮೇಲೆ. ವಿಎಂವೇರ್‌ನಲ್ಲಿ ಬ್ಯಾಕಪ್ ಶುರುವಾದರೆ ಒಂದು ಸ್ನ್ಯಾಪ್‌ಶಾಟ್ ಆಗುತ್ತೆ. ಹಳೇ ಡಿಸ್ಕಿಗೆ ಬೀಗ. ಆಮೇಲೆ ಬರೆದಿದ್ದೆಲ್ಲ ಪಕ್ಕದ ಡೆಲ್ಟಾ ಫೈಲಿಗೆ. ಬ್ಯಾಕಪ್ ಮುಗಿದ ಮೇಲೆ ಆ ಡೆಲ್ಟಾವನ್ನು ಮೂಲ ಡಿಸ್ಕಿಗೆ ಸೇರಿಸಬೇಕು. ಹತ್ತು ನಿಮಿಷದಲ್ಲಿ ಮುಗಿಯೋ ವಿಎಂ, ಗುಂಪಿನಲ್ಲಿ ಸಿಕ್ಕಿಕೊಂಡು ನಾಲ್ಕು ಗಂಟೆ ಎಳೆದರೆ ಡೆಲ್ಟಾನೂ ನಾಲ್ಕು ಗಂಟೆ ಕೊಬ್ಬುತ್ತೆ. ಸೇರಿಸೋವಾಗ ಸ್ಟೋರೇಜ್ ಏದುಸಿರು ಬಿಡುತ್ತೆ, ಕೊನೆಯಲ್ಲಿ ವಿಎಂ ಕ್ಷಣಕಾಲ ಉಸಿರು ಹಿಡಿದು ನಿಲ್ಲುತ್ತೆ. ಡೇಟಾಬೇಸ್‌ಗೆ ಆ ಕ್ಷಣವೂ ದುಬಾರಿ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ದಾರಿ ಬೇರೆ, ಪಾಡು ಅದೇ. ಅಲ್ಲಿ ಇನ್ನೂ ಬ್ಯಾಕಪ್ ಆಗದ ಬ್ಲಾಕಿನ ಮೇಲೆ ವಿಎಂ ಬರೆಯೋಕೆ ಹೊರಟರೆ, "ತಡಿ, ಹಳೇದನ್ನ ಮೊದಲು ಬ್ಯಾಕಪ್‌ಗೆ ಕಳಿಸ್ತೀನಿ" ಅಂತ ತಡೆಯುತ್ತೆ. ಬ್ಯಾಕಪ್ ಸ್ಟೋರೇಜ್ ನಿಧಾನವಾದರೆ ವಿಎಂ ಕೂಡ ಬಾಗಿಲಲ್ಲಿ ಕಾಯಬೇಕು. ಈ ಗೋಳು ತಾಳಲಾರದೆ 2024ರ 8.2 ಆವೃತ್ತಿಯಲ್ಲಿ ಫ್ಲೀಸಿಂಗ್ ಅಂತ ಒಂದು ಸೌಲಭ್ಯ ಕೊಟ್ಟರು. ಹಳೇ ಬ್ಲಾಕನ್ನು ಮೊದಲು ಹತ್ತಿರದ ವೇಗದ ಡಿಸ್ಕಿಗೆ ಇಳಿಸಿ, ನಿಧಾನಕ್ಕೆ ದೂರಕ್ಕೆ ಸಾಗಿಸೋದು. ಒಳ್ಳೇದೇ. ಆದರೂ ಹಾಸಿಗೆ ಇದ್ದಷ್ಟೇ ಕಾಲು ಚಾಚು. ಒಂದು ಹೋಸ್ಟಿಗೆ ಎರಡು, ಒಟ್ಟಿಗೆ ನಾಲ್ಕು ಅಂತ ಮಿತಿ ಹಾಕು. ನಾಲ್ಕು ಅನ್ನೋದು ವೇದವಾಕ್ಯ ಅಲ್ಲ. ಒಂದು ವಾರ ಗ್ರಾಫ್ ನೋಡಿ ಏರಿಸು, ಇಳಿಸು.

ಇನ್ನೊಂದು. ರಾತ್ರಿ ಹನ್ನೆರಡು ಅನ್ನೋದು ಖಾಲಿ ರಸ್ತೆ ಅಂತ ನೀನೊಬ್ಬನೇ ಅಂದುಕೊಂಡಿಲ್ಲ. ಆಂಟಿವೈರಸ್ ಸ್ಕ್ಯಾನ್ ಹಾಕಿದವನೂ ಹಾಗೇ ಅಂದುಕೊಂಡಿದ್ದಾನೆ, ಡೇಟಾಬೇಸ್ ಡಂಪ್ ಹಾಕಿದವಳೂ ಹಾಗೇ ಅಂದುಕೊಂಡಿದ್ದಾಳೆ. ತಿಂಗಳ ಕೊನೆಗೆ ಅಕೌಂಟ್ಸ್‌ನವರ ಬ್ಯಾಚ್ ಬೇರೆ. ನಿನ್ನ ಶೆಡ್ಯೂಲ್ ಬರೆಯೋ ಮುಂಚೆ ಅವರೆಲ್ಲರ ಜೊತೆ ಒಂದು ಟೀ ಕುಡಿ.

ಗಡಿಯಾರವನ್ನೂ ನೋಡು. ಹಾಲಿನ ಲೆಕ್ಕ ಇಡೋ ಒಂದು ಕಡೆ ನಾನು ಕೆಲಸ ಮಾಡ್ತಿದ್ದೆ. ಬೆಳಗಿನ ಜಾವ ಹಾಲು ಅಳೆಯೋ ಹೊತ್ತಿಗೆ ಸರಿಯಾಗಿ ದಿನಾ ಸಿಸ್ಟಂ ತೆವಳೋದು. ಹದಿನೈದು ದಿನ ನೆಟ್‌ವರ್ಕ್‌ನವರನ್ನ ಬೈದೆವು. ಕಡೆಗೆ ನೋಡಿದರೆ ಬ್ಯಾಕಪ್ ಸರ್ವರಿನ ಗಡಿಯಾರ ಯುಟಿಸಿಯಲ್ಲಿತ್ತು. ಅದರ ಮಧ್ಯರಾತ್ರಿ ನಮ್ಮ ಬೆಳಗಿನ ಐದೂವರೆ. ಕ್ಯಾನ್ ಹಿಡಿದು ಸಾಲಲ್ಲಿ ನಿಂತ ರೈತರು ಅಷ್ಟು ದಿನ ನಮ್ಮ ಜಾಣತನಕ್ಕೆ ಕಾದಿದ್ದರು.

ಎಲ್ಲವನ್ನೂ ಚದುರಿಸು ಅಂದೆ ಅಂತ ಜೋಡಿಗಳನ್ನ ಅಗಲಿಸಬೇಡ. ಡೇಟಾಬೇಸ್ ಒಂದು ವಿಎಂನಲ್ಲಿ, ಗ್ರಾಹಕರು ಕಳಿಸಿದ ಫೋಟೋಗಳು ಇನ್ನೊಂದರಲ್ಲಿ ಇವೆ ಅಂದುಕೋ. ಫೋಟೋ ಹನ್ನೆರಡಕ್ಕೆ ನಕಲಾಯ್ತು, ಡೇಟಾಬೇಸ್ ಮೂರಕ್ಕೆ. ನಡುವೆ ಬಂದ ಫೋಟೋಗಳ ಹೆಸರು ಪಟ್ಟಿಯಲ್ಲಿ ಇರುತ್ತೆ, ಫೋಟೋ ಇರೋದಿಲ್ಲ. ಒಂದನ್ನೊಂದು ನಂಬಿಕೊಂಡ ವಿಎಂಗಳು ಒಂದೇ ಹೊತ್ತಿಗೆ ಹೋಗಲಿ. ಒಟ್ಟಿಗೆ ಹೋಗೋದಕ್ಕೆ ಹೀಗೆ ಒಂದು ಕಾರಣ ಇರಬೇಕು. ನೀಟಾಗಿ ಕಾಣೋದು ಕಾರಣ ಅಲ್ಲ.

ವಿಎಂ ಒಳಗಿನ ಗೆಸ್ಟ್ ಏಜೆಂಟ್ ಎದ್ದಿದೆಯಾ ಅಂತಲೂ ನೋಡು. ಅದು ಫೈಲ್ ಸಿಸ್ಟಂ ಅನ್ನು ಕ್ಷಣ ಹಿಡಿದು ನಿಲ್ಲಿಸುತ್ತೆ. ವಿಂಡೋಸ್‌ನಲ್ಲಾದರೆ ವಿಎಸ್‌ಎಸ್ ಡೇಟಾಬೇಸ್‌ಗೂ "ಕೈಲಿರೋದನ್ನ ಬರೆದು ಮುಗಿಸು" ಅಂತ ಹೇಳುತ್ತೆ. ಅದಿಲ್ಲದ ಬ್ಯಾಕಪ್ ಅಂದರೆ ಓಡ್ತಿರೋ ಮೆಷೀನಿನ ಪ್ಲಗ್ ಕಿತ್ತು ತೆಗೆದ ಚಿತ್ರ. ಎದ್ದರೆ ಎದ್ದೀತು. ನೀನು ಅದರ ಮೇಲೆ ನಿದ್ದೆ ಮಾಡಬೇಡ.

ಈಗ ಅಸಲು ಮಾತು. ಬೆಳಗ್ಗೆ ನಲವತ್ತು ಹಸಿರು ಟಿಕ್ ನೋಡಿ ಕಾಫಿಗೆ ಎದ್ದುಹೋಗ್ತೀಯಲ್ಲ, ನಾನೂ ಹಾಗೇ ಹೋಗ್ತಿದ್ದೆ. 1998ರ ಸುಮಾರು. ಬ್ಯಾಕಪ್ ಅಂದರೆ ಬೆರಳುದ್ದದ ಟೇಪ್. ಪ್ರತಿ ಶುಕ್ರವಾರ ಅದನ್ನ ಕರ್ಚೀಫಿನಲ್ಲಿ ಸುತ್ತಿ, ಊಟದ ಡಬ್ಬಿಗೆ ತಾಗದ ಹಾಗೆ ಬ್ಯಾಗಿನಲ್ಲಿಟ್ಟು ಬಸ್ಸಿನಲ್ಲಿ ಮನೆಗೆ ತರೋದು, ಬೀರುವಿನಲ್ಲಿ ಇಡೋದು. ಎಂಟು ತಿಂಗಳು ತಪ್ಪದೆ ತಂದೆ. ಲಾಗ್ ದಿನಾ ಹೇಳ್ತಿತ್ತು: ಯಶಸ್ವಿ. ಒಂದು ಸೋಮವಾರ ಡಿಸ್ಕ್ ಹೋಯ್ತು. ಟೇಪ್ ಹಾಕಿದೆ. ಒಂದು ಫೋಲ್ಡರ್ ಬಂತು, ಒಳಗೆ ಏನೂ ಇಲ್ಲ. ಎಂಟು ತಿಂಗಳ ಹಿಂದೆ ಡೇಟಾವನ್ನ ಬೇರೆ ಡ್ರೈವಿಗೆ ಬದಲಾಯಿಸಿದ್ದು ನಾನೇ, ಬ್ಯಾಕಪ್‌ಗೆ ಹೇಳೋದು ಮರೆತದ್ದೂ ನಾನೇ. ಖಾಲಿ ಫೋಲ್ಡರನ್ನ ನಕಲು ಮಾಡೋದರಲ್ಲಿ ಅದು ಯಶಸ್ವಿಯಾಗೇ ಇತ್ತು, ಸುಳ್ಳು ಹೇಳಿರಲಿಲ್ಲ. ಏನೂ ಇಲ್ಲದ್ದನ್ನ ನಾನು ಭಕ್ತಿಯಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ.

ನನ್ನಂಥ ದಡ್ಡರಿಗೆ ಮಾತ್ರ ಹೀಗಾಗುತ್ತೆ ಅಂತ ನಗಬೇಡ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಡೈರೆಕ್ಟರಿ ಅಳಿಸಿದರು. ತಡೆಯೋ ಹೊತ್ತಿಗೆ 300 ಜಿಬಿಯಲ್ಲಿ ಉಳಿದದ್ದು 4.5. ಬ್ಯಾಕಪ್ ಹುಡುಕಿದರೆ, ದಿನದ ಡಂಪ್ ಇರಲೇ ಇಲ್ಲ: ಡೇಟಾಬೇಸಿನ ಆವೃತ್ತಿ 9.6, ಡಂಪ್ ಮಾಡೋ ಉಪಕರಣದ್ದು 9.2, ಹೊಂದಿಕೆಯಾಗದೆ ದಿನಾ ಸೋಲ್ತಿತ್ತು. ಸೋತಿದೆ ಅಂತ ಅದು ಕಳಿಸಿದ ಇ-ಮೇಲ್‌ಗಳನ್ನ ಸಹಿ ಇಲ್ಲ ಅಂತ ಮೇಲ್ ಸರ್ವರ್ ತಿರಸ್ಕರಿಸಿತ್ತು. ಕಡೆಗೆ ಕಾಪಾಡಿದ್ದು ಬೇರೆ ಯಾವುದೋ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದುಕೊಂಡರು. ಅದು ದೊಡ್ಡತನ. ಪಾಠ ಮಾತ್ರ ಸಣ್ಣದು: ಸೋತ ಮೇಲ್ ಬರಲಿಲ್ಲ ಅಂದರೆ ಗೆದ್ದಿದೆ ಅಂತ ಅರ್ಥ ಅಲ್ಲ. ಗೆದ್ದ ಮೇಲ್ ದಿನಾ ಬರಲಿ, ಬಾರದ ದಿನ ನಿನಗೆ ಗಾಬರಿಯಾಗಲಿ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಗಾತ್ರ ನೋಡು. ನಿನ್ನೆ 80 ಜಿಬಿ ಇದ್ದ ಫುಲ್ ಬ್ಯಾಕಪ್ ಇವತ್ತು 3 ಜಿಬಿ ಆದರೆ ಖುಷಿ ಪಡಬೇಡ. ಆಮೇಲೆ ಚೆಕ್‌ಸಮ್. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ನಲ್ಲಿ ವೆರಿಫೈ ಕೆಲಸ ಅಂತ ಬೇರೆಯೇ ಇದೆ. ಅದೂ ಡಿಸ್ಕನ್ನ ಚೆನ್ನಾಗಿ ಓದಿಸುತ್ತೆ, ಅದಕ್ಕೇ ರಾತ್ರಿ ಬ್ಯಾಕಪ್ ಜೊತೆ ಹಚ್ಚದೆ ಹಗಲಿಗೆ ಹಾಕು. ಆದರೆ ಚೆಕ್‌ಸಮ್ ಹೇಳೋದು ಇಟ್ಟಿದ್ದು ಇಟ್ಟ ಹಾಗೇ ಇದೆ ಅಂತ ಮಾತ್ರ. ನನ್ನ ಖಾಲಿ ಫೋಲ್ಡರಿನ ಚೆಕ್‌ಸಮ್ ಕೂಡ ಸರಿಯಾಗೇ ಇರ್ತಿತ್ತು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಭದ್ರವಾಗಿದೆ ಅಂತ ಯಾವ ಅಜ್ಜಿಯೂ ಸುಮ್ಮನಿರೋದಿಲ್ಲ. ಆಗಾಗ ತೆರೆದು, ಒಣಗಿದ ಸೌಟು ಹಾಕಿ, ಒಂದು ಹೋಳು ನಾಲಿಗೆಗೆ ಇಟ್ಟು ನೋಡ್ತಾಳೆ.

ನೀನೂ ಬಾಯಿಗೆ ಇಟ್ಟು ನೋಡಬೇಕು. ಶನಿವಾರ ಬೆಳಗ್ಗೆ ಎರಡು ವಿಎಂ ಆರಿಸು. ವಾರಕ್ಕೆ ಎರಡಾದರೆ ನಲವತ್ತಕ್ಕೂ ಇಪ್ಪತ್ತು ವಾರದಲ್ಲಿ ಒಂದು ಸುತ್ತು. ದುಡ್ಡಿನ ಲೆಕ್ಕ ಇರೋವು ತಿಂಗಳಿಗೊಮ್ಮೆ. ಹೊರಗಿನ ತಂತಿಗೆ ಸಂಬಂಧವೇ ಇಲ್ಲದ ಒಂದು ನೆಟ್‌ವರ್ಕ್ ಮಾಡಿ, ಹೊಸ ಹೆಸರಲ್ಲಿ ಅಲ್ಲಿ ರೀಸ್ಟೋರ್ ಮಾಡು. ಇದನ್ನ ಮರೆತರೆ ಒಂದೇ ಐಪಿಯ ಇಬ್ಬರು ಕಿತ್ತಾಡ್ತಾರೆ. ಅದಕ್ಕಿಂತ ಕೆಟ್ಟದ್ದು, ಬಿಲ್ಲಿಂಗ್ ಸರ್ವರಿನ ನಕಲು ನಿದ್ದೆಯಿಂದೆದ್ದು ಗ್ರಾಹಕರಿಗೆಲ್ಲ ಹಳೇ ಎಸ್‌ಎಂಎಸ್ ಮತ್ತೆ ಕಳಿಸುತ್ತೆ. ಬೈಗುಳ ತಿನ್ನೋದು ನೀನು.

ವಿಎಂ ಬೂಟ್ ಆಯ್ತು, ಲಾಗಿನ್ ಪರದೆ ಬಂತು ಅಂತ ಎದ್ದುಬಿಡಬೇಡ. ಒಳಗೆ ಹೋಗು. ಸರ್ವೀಸ್ ಎಲ್ಲ ಎದ್ದಿವೆಯಾ? ಡೇಟಾಬೇಸ್‌ನಲ್ಲಿ ಕೊನೇ ಸಾಲು ಯಾವ ತಾರೀಕಿನದು, ಎಷ್ಟು ಗಂಟೆಯದು? ಬ್ಯಾಕಪ್ ಶುಕ್ರವಾರ ರಾತ್ರಿ ಹನ್ನೊಂದರದು, ಕೊನೇ ಸಾಲು ಹತ್ತು ಐವತ್ತೆಂಟರದು ಅಂದರೆ ಎದೆ ತಟ್ಟಿಕೋ. ಬುಧವಾರದ್ದು ಅಂದರೆ ಶನಿವಾರದ ಸಿನಿಮಾ ಟಿಕೆಟ್ ಯಾರಿಗಾದರೂ ಕೊಟ್ಟುಬಿಡು.

ಎಷ್ಟು ಹೊತ್ತು ಹಿಡೀತು ಅಂತ ಬರೆದಿಡು. ನಮ್ಮ ಲಿಂಕಿನಲ್ಲಿ 500 ಜಿಬಿ ವಾಪಸ್ ತರೋಕೇ ಒಂದೂಕಾಲು ಗಂಟೆ. ಎಬ್ಬಿಸಿ ನೋಡೋದು ಬೇರೆ. ಮ್ಯಾನೇಜರ್ "ಅರ್ಧ ಗಂಟೆಯಲ್ಲಿ ಬರುತ್ತಲ್ಲಾ?" ಅಂತ ಕೇಳಿದಾಗ ತಲೆಯಾಡಿಸಬೇಡ. ಬರೆದಿಟ್ಟ ಚೀಟಿ ತೋರಿಸು.

ಕೊನೆಗೆ, ಇದ್ದಬದ್ದ ನಕಲನ್ನೆಲ್ಲ ಒಂದೇ ಸೂರಿನಡಿ ಇಡಬೇಡ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಡೇಟಾ ಸೆಂಟರ್ ಸುಟ್ಟಾಗ, ನಕಲನ್ನೂ ಅಲ್ಲೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ನೌಕರರ ಕಡತಗಳಿದ್ದ 858 ಟೆರಾಬೈಟಿಗೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ. ಮೂರು ನಕಲು, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಅನ್ನೋ ಸೂತ್ರವನ್ನ ಜನಪ್ರಿಯ ಮಾಡಿದ್ದು ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್. ಫೋಟೋದವರಿಗೆ ಹೊಳೆದದ್ದು ನಮಗೆ ಹೊಳೆಯದಿದ್ದರೆ ನಾಚಿಕೆ. ಆ ಬೇರೆ ಊರಿನ ನಕಲಿನ ಪಾಸ್‌ವರ್ಡ್ ಕೂಡ ಬೇರೆಯೇ ಇರಲಿ. ರ‍್ಯಾನ್ಸಮ್‌ವೇರ್ ಕಳ್ಳರು ಮೊದಲು ಕೈಹಾಕೋದು ಬ್ಯಾಕಪ್‌ಗೇ.

ಇಷ್ಟೇ ಮರಿ. ಬರೋ ಶನಿವಾರ ಒಂದೇ ಒಂದು ವಿಎಂ ಎಬ್ಬಿಸು. ಟಿಕ್ ಎಷ್ಟು ಬಂತು ಅಂತ ನನಗೆ ಹೇಳಬೇಡ. ಕೊನೇ ಸಾಲಿನ ತಾರೀಕು, ಗಂಟೆ ಹೇಳು. ಸರಿಯಾಗಿದ್ದರೆ ಕಾಫಿ ನನ್ನದು. ಸರಿ ಇಲ್ಲದಿದ್ದರೂ ನನ್ನದೇ, ಯಾಕೆಂದರೆ ಸೋಮವಾರ ಗೊತ್ತಾಗಬೇಕಾಗಿದ್ದದ್ದು ಶನಿವಾರವೇ ಗೊತ್ತಾಯ್ತಲ್ಲ.