ಕಪ್ಪು ಗೆರೆಯನ್ನು ಬಿಡಬೇಡಮ್ಮ

ಕೋಲಾರದ ಟೋಪೋಶೀಟಿನ ಹಳ್ಳ-ತೊರೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದು ಕೇಳಿ ಸಂತೋಷವಾಯಿತು ಮಗಳೇ. ಮೌಸು ಹಿಡಿಯುವ ಮುಂಚೆ ಒಂದು ಮಾತು ಕೇಳಿಸಿಕೋ. ಸರ್ವೆ ಆಫ್ ಇಂಡಿಯಾದ ಹಾಳೆಗಳಲ್ಲಿ ವರ್ಷವಿಡೀ ನೀರಿರುವ ಹೊಳೆಗೆ ನೀಲಿ ಬಣ್ಣ. ಮಳೆ ಬಂದಾಗ ಹರಿದು ಬೇಸಿಗೆಯಲ್ಲಿ ಒಣಗುವ ಹಳ್ಳಕ್ಕೆ ಕಪ್ಪು. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿಯೇ ಇಲ್ಲ, ಪಾಲಾರ್ ಕೂಡ ಒಣ ಮರಳೇ. ಹಾಗಾಗಿ ಅಲ್ಲಿಯ ಹಳ್ಳಗಳೆಲ್ಲ ಬಹುಪಾಲು ಕಪ್ಪು ಗೆರೆಗಳೇ.

ಸ್ಕ್ಯಾನ್ ಮಾಡಿದ ಹಾಳೆಯಿಂದ ನೀಲಿಯನ್ನಷ್ಟೇ ಹೆಕ್ಕಿ ಗೆರೆಯಾಗಿಸುವ ಸೌಕರ್ಯ ಸಾಫ್ಟ್‌ವೇರಿನಲ್ಲಿದೆ. ಬೇಗ ಮುಗಿಯುತ್ತದೆಂದು ಆ ದಾರಿ ಹಿಡಿದರೆ ಕೆರೆ ಉಳಿದು, ಕೆರೆಗೆ ನೀರು ತರುವ ಹಳ್ಳ ಮಾಯವಾಗುತ್ತದೆ. ಕಪ್ಪಿನಲ್ಲಿ ಊರಿನ ಹೆಸರು, ಗಡಿ, ರೈಲುಹಳಿ ಎಲ್ಲ ಸೇರಿಕೊಂಡಿರುವುದರಿಂದ ಹಳ್ಳವನ್ನು ಬಿಡಿಸಿ ನೋಡಲು ಕಣ್ಣೇ ಬೇಕು. ಅನುಮಾನ ಬಂದಲ್ಲಿ ಕಂದು ಬಣ್ಣದ ಕಂಟೂರ್, ಅಂದರೆ ಸಮ ಎತ್ತರದ ಗೆರೆ, ನೋಡು. ಹಳ್ಳವನ್ನು ದಾಟುವಾಗ ಕಂಟೂರ್ ಚೂಪಾಗಿ ಬಾಗುತ್ತದೆ, ಆ ಚೂಪು ಯಾವಾಗಲೂ ಮೇಲ್ಗಡೆಗೆ, ನೀರು ಬರುವ ಕಡೆಗೆ ಇರುತ್ತದೆ. ನೀನು ಎಳೆದ ಗೆರೆ ಆ ಬಾಗಿನ ನಡುವೆ ಹಾಯದಿದ್ದರೆ ಎಲ್ಲೋ ಜಾರಿದೆ ಎಂದೇ ತಿಳಿ.

ಗೆರೆಯನ್ನು ಮೇಲಿನಿಂದ ಕೆಳಕ್ಕೆ, ನೀರು ಹರಿಯುವ ದಿಕ್ಕಿನಲ್ಲೇ ಎಳೆ. ಎರಡು ಹಳ್ಳ ಸೇರುವಲ್ಲಿ ತುದಿಗಳು ಕೂಡಲೇಬೇಕು. ಕೂದಲೆಳೆಯಷ್ಟು ಸಂದು ಬಿಟ್ಟರೂ ಕಂಪ್ಯೂಟರಿಗೆ ಅವು ಬೇರೆ ಬೇರೆ ಹಳ್ಳಗಳು.

ಕೆರೆ ಬಂದಾಗ ಮಾತ್ರ ನಿಧಾನಿಸು. ಹಾಳೆಯಲ್ಲಿ ಹಳ್ಳ ಕೆರೆಯಂಗಳದ ಅಂಚಿಗೆ ಬಂದು ನಿಂತುಬಿಡುತ್ತದೆ. ಕೆಳಗೆ ಏರಿ, ಏರಿಯ ಒಂದು ತುದಿಯಲ್ಲಿ ಕೋಡಿ, ಅಲ್ಲಿಂದ ಹಳ್ಳ ಮತ್ತೆ ಶುರು. ನೀನು ಕೆರೆಯೊಳಗೂ ಒಂದು ಗೆರೆ ಎಳೆದು ಕೋಡಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಮೇಲಿನ ಕೆರೆಗೂ ಕೆಳಗಿನ ಕೆರೆಗೂ ಸಂಬಂಧವೇ ತಪ್ಪುತ್ತದೆ. ಅದು ಹಾಳೆಯಲ್ಲಿಲ್ಲದ, ಜೋಡಿಸಲು ಎಳೆದ ಗೆರೆ ಎಂದು ಟೇಬಲ್ಲಿನಲ್ಲಿ ಗುರುತು ಹಾಕು. ತೂಬಿನಿಂದ ಅಚ್ಚುಕಟ್ಟಿಗೆ ಹೋಗುವ ಕಾಲುವೆಯನ್ನು ಹಳ್ಳದ ಜೊತೆ ಬೆರೆಸಬೇಡ, ಅದಕ್ಕೆ ಬೇರೆ ಲೇಯರ್ ಇರಲಿ. ಇಷ್ಟು ಒತ್ತಿ ಹೇಳಲು ಕಾರಣವಿದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಪಂಪ್ ಮಾಡಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ತರುತ್ತಿದ್ದಾರೆ. ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ ನೀರು ಸಾಗುವುದು ನಮ್ಮ ಹಿಂದಿನವರು ಕಟ್ಟಿದ ಸರಣಿಯಲ್ಲೇ, ಈ ಒಣ ಹಳ್ಳಗಳ ಜಾಡಿನಲ್ಲೇ. ಇವನ್ನು ಸತ್ತ ಹಳ್ಳಗಳೆಂದು ಬಿಡುವ ಹಕ್ಕು ನಕ್ಷೆ ಮಾಡುವ ಯಾರಿಗೂ ಇಲ್ಲ.

ಸ್ಕ್ಯಾನ್ ಮಾಡಿದ ಹಾಳೆಯನ್ನು ಅಕ್ಷಾಂಶ-ರೇಖಾಂಶಕ್ಕೆ ಸರಿಯಾಗಿ ಕೂರಿಸುವ ವಿಚಾರ ನಿನಗೆ ಗೊತ್ತಿರುತ್ತದೆ. ಆದರೂ ಹೇಳುತ್ತೇನೆ, ಭೂಮಿಯ ಆಕಾರಕ್ಕೆ ಹಳೆಯ ಹಾಳೆಗಳು ಹಿಡಿದದ್ದು ಎವರೆಸ್ಟ್ ಎಂಬ ಲೆಕ್ಕ, ಈಗಿನ ಜಿಪಿಎಸ್ ಹಿಡಿಯುವುದು ಡಬ್ಲ್ಯುಜಿಎಸ್-84 ಎಂಬ ಲೆಕ್ಕ. ಹಳೆಯ ಲೆಕ್ಕವನ್ನು ಹೊಸದಕ್ಕೆ ಬದಲಾಯಿಸದೆ ಕೂರಿಸಿದರೆ ನಿನ್ನ ಹಳ್ಳ ನೂರು ಮೀಟರಿಗೂ ಹೆಚ್ಚು ಆಚೆ, ಯಾರದೋ ಹೊಲದಲ್ಲಿ ಹರಿಯುತ್ತದೆ. ಇನ್ನು 1:50,000ದ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿಕೊಂಡರೂ ಕಾಗದದಲ್ಲಿಲ್ಲದ ನಿಖರತೆ ಹುಟ್ಟುವುದಿಲ್ಲ. ಸರ್ವೆ ನಂಬರಿನ ಗಡಿಜಗಳಕ್ಕೆ ಈ ಗೆರೆ ತೋರಿಸಿ ಎಂದು ಯಾರಾದರೂ ಕೇಳಿದರೆ ಆಗುವುದಿಲ್ಲವೆನ್ನು, ಗ್ರಾಮ ನಕಾಶೆ ನೋಡಲು ಕಳಿಸು.

ಪ್ರತಿ ಗೆರೆಯ ಜೊತೆಗೂ ಹಾಳೆಯ ನಂಬರ್, ಸರ್ವೆ ನಡೆದ ವರ್ಷ ಬರೆದಿಡು. ಅದು ಆ ವರ್ಷದ ಹಳ್ಳ, ಇವತ್ತಿನದಲ್ಲ. ಮುಂದೆ ಉಪಗ್ರಹ ಚಿತ್ರದ ಜೊತೆ ಹೋಲಿಸುವವರಿಗೆ ಆ ವರ್ಷವೇ ಆಧಾರ. ಊರವರು ಹಳ್ಳಕ್ಕೆ ಕರೆಯುವ ಹೆಸರು ಸಿಕ್ಕರೆ ಕನ್ನಡದಲ್ಲೇ ಹಾಕು.

ಹಾಳೆ ಮುಗಿದ ಮೇಲೆ ನಿನ್ನ ಗೆರೆಗಳನ್ನಷ್ಟೇ ಅದೇ ಅಳತೆಗೆ ಟ್ರೇಸಿಂಗ್ ಕಾಗದದ ಮೇಲೆ ಪ್ರಿಂಟ್ ತೆಗೆದು, ಮೂಲ ಹಾಳೆಯ ಮೇಲಿಟ್ಟು ಮೂಲೆಯಿಂದ ಮೂಲೆಗೆ ನೋಡು. ಬಿಟ್ಟುಹೋದ ಹಳ್ಳ ತಾನಾಗಿ ಕಾಣುತ್ತದೆ. ಅದನ್ನೂ ಎಳೆದ ಮೇಲೆಯೇ ಫೈಲನ್ನು ಸಾಹೇಬರಿಗೆ ಕಳಿಸಮ್ಮ.